ಕೊಳಕುಮಂಡಲದ ಒಂದು ಹನಿ

ನಾನು ಕತೆ ಬರೆದು ಅಭ್ಯಾಸವಿಲ್ಲದವನು. ನಮ್ಮ ಮಠದ ಗುರುಗಳು ಇದನ್ನು ನಾಲ್ಕೇ ಮಾತಿನಲ್ಲಿ ಹೇಳಿದರು. ನಾನು ಬರೆಯುವಾಗ ಎಲ್ಲೋ ಕೆಡಿಸುತ್ತೇನೆ, ಮೊದಲೇ ಕ್ಷಮೆ ಕೇಳುತ್ತೇನೆ.

ಇವತ್ತು ಬೆಳಿಗ್ಗೆ ಮಠದ ಸೌದೆ ರಾಶಿಯಲ್ಲಿ ಕೊಳಕುಮಂಡಲ ಹಾವು ಕಂಡಿತು. ನಾನು ಕೋಲು ಎತ್ತಿದೆ. ನನ್ನ ತಂದೆ ತೀರಿಕೊಂಡದ್ದು ಇದೇ ಜಾತಿಯ ಹಾವು ಕಚ್ಚಿ. ಇದನ್ನು ಹೇಳದಿದ್ದರೆ ನನ್ನ ಪ್ರಶ್ನೆ ನಿಮಗೆ ಅರ್ಥವಾಗುವುದಿಲ್ಲ. ಗುರುಗಳು ನನ್ನನ್ನು ತಡೆದು, ಹಾವು ಹಿಡಿಯುವ ಮಾದೇಶಣ್ಣನಿಗೆ ಫೋನ್ ಮಾಡಿಸಿದರು. ನಾನು ಕೇಳಿದೆ:

“ಬುದ್ಧಿ, ಈ ವಿಷದಲ್ಲಿ ಉಳಿಸಿಕೊಳ್ಳುವಂಥದ್ದು ಏನಿದೆ?”

ಗುರುಗಳು ಜಗಲಿಯ ಮೇಲೆ ಕುಳಿತು ಹೇಳಿದರು.

ಒಬ್ಬ ಕುಂಬಾರಗಿತ್ತಿ ಇದ್ದಳು. ಮಡಕೆ ಸುಡುವ ಆವಿಗೆಗೆ ಸೌದೆ ಪುಳ್ಳೆ ಎತ್ತುವಾಗ ಆಕೆಯ ಗಂಡನನ್ನು ಕೊಳಕುಮಂಡಲ ಕಚ್ಚಿತು. ಆಸ್ಪತ್ರೆಯ ದಾರಿಯುದ್ದಕ್ಕೂ ಅವನು ಹೆಂಡತಿಯ ಕೈ ಹಿಡಿದಿದ್ದ. ಆಸ್ಪತ್ರೆಯ ಬಾಗಿಲಲ್ಲಿ ಆ ಹಿಡಿತ ಸಡಿಲವಾಯಿತು.

ವರ್ಷಗಳ ಮೇಲೆ ಆಕೆಯ ಎದೆಯಲ್ಲಿ ಗಂಟು ಕಾಣಿಸಿತು. ಕ್ಯಾನ್ಸರ್. ಕೊಟ್ಟ ಔಷಧಿ ಯಾವುದೂ ನಾಟಲಿಲ್ಲ. ಆಗ ಒಬ್ಬ ಸಂಶೋಧಕಿ ಬಂದು, ಗಂಟಿನ ಒಂದು ಚೂರನ್ನು ಪರೀಕ್ಷೆಗೆ ಕೊಡುತ್ತೀರಾ ಎಂದು ಕೇಳಿದಳು. ಹಾವಿನ ವಿಷದಿಂದ ಬೇರ್ಪಡಿಸಿದ ಒಂದು ಅಂಶವನ್ನು ಅದರ ಮೇಲೆ ಹಾಕಿ ನೋಡಬೇಕಿತ್ತು.

“ಯಾವ ಹಾವು?”

“ಕೊಳಕುಮಂಡಲ.”

“ಆ ದರಿದ್ರದ್ದು ಒಂದು ಸಲ ನಮ್ಮ ಮನೆಗೆ ಬಂದದ್ದು ಸಾಲದೇ, ತಾಯಿ?” ಅಂದಳು ಕುಂಬಾರಗಿತ್ತಿ. ಆದರೂ ಹೆಬ್ಬೆಟ್ಟು ಒತ್ತಿದಳು. ತಾನೂ ನೋಡಬೇಕು, ಅದೊಂದೇ ಷರತ್ತು.

ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಗಂಟಿನ ಜೀವಕೋಶಗಳು ಕೈಕಾಲು ಚಾಚಿ ಗಾಜನ್ನು ಕಚ್ಚಿ ಹಿಡಿದಿದ್ದವು. (ಜೀವಕೋಶ ಅಂದರೆ ಮೈ ಕಟ್ಟಿರುವ ಅತಿ ಸಣ್ಣ ಇಟ್ಟಿಗೆ. ಕ್ಯಾನ್ಸರಿನ ಕೋಶ ಹೀಗೆ ಹಿಡಿದು ಹಿಡಿದೇ ಮೈಯೊಳಗೆ ಮುಂದೆ ಸಾಗುತ್ತದಂತೆ. ಇದು ಗುರುಗಳು ಹೇಳಿದ್ದಲ್ಲ, ನಾನು ಸೇರಿಸಿದ್ದು.) ಹನಿ ಬಿತ್ತು. ಚಾಚಿದ್ದವು ಮುದುಡಿದವು. ಒಂದೊಂದಾಗಿ ಗಾಜನ್ನು ಬಿಟ್ಟು ತೇಲಿದವು.

ಕುಂಬಾರಗಿತ್ತಿ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

“ನಮ್ಮೋರ ಕೈ ಬಿಡಿಸಿದ್ದೂ ಇದೇ ಅಲ್ಲವಾ,” ಅಂದಳು. “ನನಗೆ ಇದು ಔಷಧಿ ಆಗುತ್ತದಾ?”

“ಇಲ್ಲಮ್ಮ. ಇದು ನಡೆದದ್ದು ಗಾಜಿನ ಮೇಲೆ. ಮನುಷ್ಯರಿಗೆ ಆಗುತ್ತದೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ನಿಮ್ಮ ಕಾಲಕ್ಕಂತೂ ಆಗಲಾರದು.”

“ಹಾಗಾದರೆ ಇನ್ನೊಂದು ಚೂರು ಬೇಕಿದ್ದರೆ ಈಗಲೇ ತೆಗೆದುಕೋ, ತಾಯಿ. ನಾನಿರುವಾಗಲೇ.”

ಗುರುಗಳು ಕತೆ ನಿಲ್ಲಿಸಿ ನನ್ನ ಕೈ ನೋಡಿದರು. ಅಷ್ಟು ಹೊತ್ತೂ ನಾನು ಕೋಲು ಬಿಟ್ಟಿರಲಿಲ್ಲ. ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು.

“ಇದನ್ನು ಬಿಡಿಸಲು ಯಾವ ಹನಿ ತರಲಿ, ಮಗು?” ಅಂದರು.

ನಾನು ಕೋಲಿನ ಸಮೇತ ಒಳಗೆ ಬಂದು ಇದನ್ನು ಬರೆಯಲು ಕುಳಿತೆ.

ಈ ಮಾತನ್ನು ಸ್ವಲ್ಪ ವಿವರಿಸಬೇಕು. ಗುರುಗಳು ಹೇಳಿದ್ದು ಬರೀ ಕೋಲಿನ ವಿಷಯವಲ್ಲ. ಅಪ್ಪ ಹೋದ ದಿನದಿಂದ ನಾನು... ತಡೆಯಿರಿ, ಹೊರಗಿನಿಂದ ಕರೆಯುತ್ತಿದ್ದಾರೆ. ಮಾದೇಶಣ್ಣ ಬಂದಿದ್ದಾರೆ.

“ಕೋಲು ಅಲ್ಲೇ ಇರಲಿ, ಒಂದು ಚೀಲ ತಾರಯ್ಯ,” ಅನ್ನುತ್ತಿದ್ದಾರೆ.