ತೇಲದ ಮೀನು

"ಬುದ್ಧಿ, ನನ್ನಿಂದ ಏನು ತಪ್ಪಾಯಿತು?"

ಕೇಳಿದವನು ಮಠದ ವಿದ್ಯಾರ್ಥಿನಿಲಯವನ್ನು ಒಂದು ವರ್ಷದಿಂದ ನೋಡಿಕೊಳ್ಳುತ್ತಿದ್ದ ಶಿಷ್ಯ. "ದೊಡ್ಡವರು, ಚಿಕ್ಕವರು ಎನ್ನದೆ ಎಪ್ಪತ್ತು ಹುಡುಗರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದೆ, ಒಂದೇ ಕೋಣೆಯಲ್ಲಿ ಮಲಗಿಸಿದೆ. ಮೊದಲು ದಿನಕ್ಕೆ ಹತ್ತು ದೂರು ಬರುತ್ತಿದ್ದವು. ಈಗ ಒಂದೂ ಇಲ್ಲ. ಅಕ್ಕಿಯೂ ಉಳಿಯುತ್ತಿದೆ. ಆದರೂ ತಾವು ಒಂದು ಒಳ್ಳೆಯ ಮಾತು ಆಡಲಿಲ್ಲ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತ ಹೊಲದ ತಗ್ಗಿನಲ್ಲಿ ಕೊಳ ತೋಡಿ ಮುರುಗೋಡು ಎಂಬ ಜಾತಿಯ ಮೀನಿನ ಹತ್ತು ಸಾವಿರ ಮರಿಗಳನ್ನು ತಂದು ಬಿಟ್ಟ. ಕಾಳಿನಷ್ಟು ಮರಿಯನ್ನು ಬೆರಳುದ್ದ ಬೆಳೆಸಿ ಬೇರೆ ಕೊಳಗಳಿಗೆ ಬಿತ್ತನೆಗೆ ಕೊಡುವುದು ಅವನ ಕಸುಬು. ಈ ಕಸುಬಿನಲ್ಲಿ ಮೀನನ್ನು ತೂಗುವುದಿಲ್ಲ, ಎಣಿಸುತ್ತಾರೆ. ದಪ್ಪ ಮರಿಗೂ ಸಣ್ಣ ಮರಿಗೂ ಒಂದೇ ಬೆಲೆ.

ಪಕ್ಕದೂರಿನ ಹೆಂಗಸರು ಕೆಲವರು ಸೇರಿ, ತಾವೇ ಗುದ್ದಲಿ ಹಿಡಿದು ಒಂದು ಕೊಳ ತೋಡಿದ್ದರು. ನೀರು ತುಂಬಿಸಿ ಕಾಯುತ್ತಿದ್ದರು. ಅವರಿಗೆ ಆರು ಸಾವಿರ ಮರಿ ಕೊಡುತ್ತೇನೆಂದು ರೈತ ಮಾತು ಕೊಟ್ಟಿದ್ದ.

ಹತ್ತು ದಿನ ಕಳೆಯುವಷ್ಟರಲ್ಲಿ ಕೆಲವು ಮರಿಗಳು ಉಳಿದವುಗಳ ಎರಡರಷ್ಟಾದವು. ರೈತ ಹಿಗ್ಗಿದ. ಅವನ ಹೆಂಡತಿ ಹಿಗ್ಗಲಿಲ್ಲ.

"ಬಲೆ ಎಳೆದು ದೊಡ್ಡವನ್ನು ಬೇರೆ ಮಾಡೋಣ ರೀ. ಒಡಹುಟ್ಟಿದವರಾದರೂ ಉಣ್ಣುವಾಗ ತಟ್ಟೆ ಬೇರೆ."

"ಮೀನಿಗೂ ಪಂಕ್ತಿಭೇದ ಮಾಡುತ್ತೀಯೇನೇ? ಎರಡು ಆಳಿನ ಕೂಲಿ ದಂಡ. ಒಂದಾದರೂ ಸತ್ತು ತೇಲಿದೆಯೇ, ತೋರಿಸು."

ಅವಳು ನೀರನ್ನು ನೋಡಿದಳು. ಒಂದೂ ತೇಲಿರಲಿಲ್ಲ. ಮನೆಯತ್ತ ಹೊರಟಳು.

ದಿನ ಕಳೆದಂತೆ ಕೊಳ ಶಾಂತವಾಯಿತು. ಮೊದಲು ಹಿಂಡಿ ಚೆಲ್ಲಿದರೆ ನೀರು ಎಸರಿನಂತೆ ಕುದಿಯುತ್ತಿತ್ತು. ಈಗ ಅಲ್ಲೊಂದು ಇಲ್ಲೊಂದು ಸುಳಿ. ಹಾಕಿದ ಹಿಂಡಿ ಉಳಿಯತೊಡಗಿತು. ಹೊಟ್ಟೆ ತುಂಬಿದೆ ಎಂದುಕೊಂಡು ರೈತ ಹಿಂಡಿ ಕಡಿಮೆ ಮಾಡಿದ. ಬೆಳಿಗ್ಗೆ ಏರಿಯ ಮೇಲೆ ಕೂತು ನಿಶ್ಚಲವಾದ ನೀರನ್ನು ನೋಡುವುದೇ ಅವನಿಗೆ ಸುಖವಾಯಿತು. ಮನೆಯ ಮೂಲೆಯಲ್ಲಿ ಎರಡು ಮೂಟೆ ಹಿಂಡಿ ಉಳಿಯಿತು. ಹೆಂಡತಿಗೆ ಅದನ್ನು ತೋರಿಸಿ ನಕ್ಕ.

ನಲವತ್ತನೆಯ ದಿನ ಹೆಂಗಸರು ಹನ್ನೆರಡು ಬಿಂದಿಗೆ ಹೊತ್ತು ಬಂದರು. ಬಲೆ ಎಳೆದರು. ಮತ್ತೊಮ್ಮೆ ಎಳೆದರು. ಕೊನೆಗೆ ಕೊಳವನ್ನೇ ಬಸಿದರು. ಇದ್ದದ್ದು ನಾನೂರು ಮೀನು, ಒಂದೊಂದೂ ಅಂಗೈಯುದ್ದ. ಒಂದು ಬಿಂದಿಗೆ ತುಂಬಿತು.

"ಉಳಿದವು ಎಲ್ಲಿ, ಅಣ್ಣಾ?" ಎಂದು ಒಬ್ಬಳು ಕೇಳಿದಳು.

ಬಲೆಗೆ ಸಿಕ್ಕಿ ಸತ್ತಿದ್ದ ಒಂದು ಮೀನನ್ನು ರೈತನ ಹೆಂಡತಿ ಎತ್ತಿಕೊಂಡು ಈಳಿಗೆಯಲ್ಲಿ ಸೀಳಿದಳು. ಒಳಗೆ ಒಂದು ಮರಿ ಇಡಿಯಾಗಿತ್ತು. ಆ ಮರಿಯ ಹೊಟ್ಟೆ ಹಸಿವಿನಿಂದ ಬೆನ್ನಿಗೆ ಅಂಟಿತ್ತು.

ಸತ್ತ ಮೀನು ತೇಲುತ್ತದೆ. ಇನ್ನೊಂದರ ಹೊಟ್ಟೆ ಸೇರಿದ್ದು ತೇಲುವುದಿಲ್ಲ. ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದು ರೈತ ಕೆಸರಿನಲ್ಲೇ ನಿಂತ.

ಹೆಂಗಸರು ಬಯ್ಯಲಿಲ್ಲ. ತುಂಬಿದ ಒಂದು ಬಿಂದಿಗೆ, ಖಾಲಿ ಹನ್ನೊಂದು ಬಿಂದಿಗೆ ಹೊತ್ತು ಹೊರಟರು. ಬಯ್ದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. ಆ ವರ್ಷ ಅವರ ಕೊಳದಲ್ಲಿ ಹೆಚ್ಚುಕಡಿಮೆ ಬರೀ ನೀರಿತ್ತು. ಮುಂದೆ ಅವನು ವಾರ ತಪ್ಪದೆ ಬಲೆ ಎಳೆದು ಮರಿಗಳನ್ನು ಬೇರ್ಪಡಿಸಿದ. ಆದರೂ ಶಾಂತವಾದ ನೀರು ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದ.

ಗುರುಗಳು ನಿಲ್ಲಿಸಿದರು.

ಶಿಷ್ಯ ತಡೆದು ತಡೆದು ಹೇಳಿದ: "ಆದರೆ ಬುದ್ಧಿ, ನಿಲಯದಲ್ಲಿ ಒಬ್ಬ ಹುಡುಗನೂ ಅತ್ತದ್ದನ್ನು ನಾನು ಕಂಡಿಲ್ಲ."

"ಎಪ್ಪತ್ತು ಎಲೆ ಹಾಕುವ ಪಂಕ್ತಿಯಲ್ಲಿ ಇವತ್ತು ಎಷ್ಟು ಹಾಕಿದೆಯಪ್ಪಾ?"