ಎಂಜಿನ್ ಮಲಗಿದ ಹೊತ್ತು

"ಗುರುಗಳೇ, ಅಣ್ಣನನ್ನು ಮಾತಾಡಿಸಲು ತಕ್ಕ ಕಾಲ ಯಾವುದು?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ನೋಡಿದರು. ಅವನು ಹೆಗಲ ಮೇಲಿನ ವಸ್ತ್ರವನ್ನು ಮಡಿಸುತ್ತಿದ್ದ, ಬಿಡಿಸುತ್ತಿದ್ದ, ಮತ್ತೆ ಮಡಿಸುತ್ತಿದ್ದ.

"ಜಗಳವಾಯಿತೇ?"

"ಆಗಿ ಬಹಳ ಕಾಲವಾಯಿತು. ಈಗ ಜಗಳವಿಲ್ಲ. ಮಾತೇ ಇಲ್ಲವಲ್ಲ, ಜಗಳವೆಲ್ಲಿಂದ ಬರಬೇಕು? ಸುಮ್ಮನಿದ್ದರೆ ತಾನಾಗಿಯೇ ತಣ್ಣಗಾಗುತ್ತದೆ ಎಂದುಕೊಂಡಿದ್ದೇನೆ. ಆದರೂ ಈ ವರ್ಷ ಹೋಗಲೋ, ಮುಂದಿನ ವರ್ಷ ಹೋಗಲೋ ತಿಳಿಯುತ್ತಿಲ್ಲ."

ಗುರುಗಳು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಪಾತ್ರೆ ವರ್ತಕನಿದ್ದ. ಎಲ್ಲವನ್ನೂ ಲೆಕ್ಕ ಹಾಕಿ ಮಾಡುವವನು. ಅವನ ಬಳಿ ಒಂದು ಹೈಬ್ರಿಡ್ ಕಾರಿತ್ತು. ಅಂಥ ಕಾರು ಪೆಟ್ರೋಲ್ ಎಂಜಿನ್ನಿನಿಂದಲೂ ಓಡುತ್ತದೆ, ಬ್ಯಾಟರಿಯ ಮೋಟಾರಿನಿಂದಲೂ ಓಡುತ್ತದೆ. ಪೇಟೆಯ ಇಕ್ಕಟ್ಟಿನಲ್ಲಿ ಎಂಜಿನ್ ತಾನಾಗಿ ನಿಂತುಬಿಡುತ್ತದೆ. ಕಾರು ಮಾತ್ರ ಸದ್ದಿಲ್ಲದೆ ಮುಂದೆ ಸಾಗುತ್ತದೆ.

ಎಂಜಿನ್ ಅತಿಯಾಗಿ ಕಾಯದಂತೆ ಅದರ ಸುತ್ತ ಒಂದು ದ್ರವ ಹರಿಯುತ್ತಿರುತ್ತದೆ. ಅದೇ ಕೂಲಂಟ್. ಹಳತಾದರೆ ಅದರ ಗುಣ ಕೆಡುತ್ತದೆ, ಕೊಳವೆಯೊಳಗೆ ಗಷ್ಟು ಕಟ್ಟುತ್ತದೆ. ಇಷ್ಟು ವರ್ಷ ಅಥವಾ ಇಷ್ಟು ದೂರ, ಯಾವುದು ಮೊದಲೋ ಆಗ ಬದಲಾಯಿಸಿ ಎಂದು ಕಾರಿನ ಜೊತೆ ಬಂದ ಪುಸ್ತಕ ಹೇಳಿತ್ತು. ಪುಸ್ತಕ ಹೇಳಿದ ದೂರವನ್ನು ಕಾರು ಆಗಲೇ ದಾಟಿತ್ತು.

"ಬದಲಾಯಿಸಿಬಿಡಿ," ಎಂದಳು ವರ್ತಕನ ಹೆಂಡತಿ. "ಊಟಕ್ಕೆ ಕೂತರೂ ಅದೇ ಯೋಚನೆ ನಿಮಗೆ."

"ಪುಸ್ತಕದವರು ಹೇಳುವುದು ಕಾರು ಓಡಿದ ದೂರ. ಎಂಜಿನ್ ಓಡಿದ್ದು ಅಷ್ಟಿಲ್ಲ. ನಮ್ಮ ಕಾರಿನಲ್ಲಿ ಅರ್ಧ ದಾರಿ ಎಂಜಿನ್ ಮಲಗಿರುತ್ತದೆ. ಮಲಗಿದ್ದು ಎಷ್ಟು ಸವೆದೀತು?"

"ನೀವೂ ಅರ್ಧ ದಿನ ಮಲಗಿರುತ್ತೀರಿ. ಊಟ ಮಾತ್ರ ಪೂರ್ತಿ ಬೇಕಲ್ಲ!"

ವರ್ತಕ ನಕ್ಕ. ಆದರೆ ಅವನ ಮನಸ್ಸು ಒಂದೆಡೆ ನಿಲ್ಲಲಿಲ್ಲ. ಬೆಳಿಗ್ಗೆ ಬಾನೆಟ್ ಎತ್ತಿ ಎಂಜಿನ್ನಿನ ಕೂಲಂಟ್ ತೊಟ್ಟಿಯನ್ನು ನೋಡುತ್ತಿದ್ದ. ಬಣ್ಣ ಗುಲಾಬಿಯಾಗಿಯೇ ಇರುತ್ತಿತ್ತು. ಮುಚ್ಚುತ್ತಿದ್ದ. ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು, ಮತ್ತೆ ಎತ್ತುತ್ತಿದ್ದ. ಒಂದು ದಿನ ಗ್ಯಾರೇಜಿನ ಬಾಗಿಲವರೆಗೆ ಹೋಗಿ ಹಿಂದೆ ಬಂದ. ಬದಲಾಯಿಸುವಾಗ ಕೊಳವೆಯಲ್ಲಿ ಗಾಳಿ ಉಳಿದು ದ್ರವ ಹರಿಯದಿದ್ದರೆ? ಅದೂ ಅಪಾಯವೇ. ಎದುರಿಗೆ ತಂಗಿಯ ಮಗಳ ಮದುವೆಯಿತ್ತು, ದೂರದ ಪ್ರಯಾಣವಿತ್ತು. ಕೊನೆಗೆ ಅರ್ಧ ದಾರಿಯ ಲೆಕ್ಕವೇ ಗೆದ್ದಿತು. ಮದುವೆ ಮುಗಿಯಲಿ, ಆಮೇಲೆ ನೋಡೋಣ ಎಂದು ತೀರ್ಮಾನಿಸಿದ.

ಆ ಮದುವೆಯಲ್ಲಿ ಅವನಿಗೊಂದು ಕೆಲಸವಿತ್ತು. ಅವರ ಕಡೆ ಮದುಮಗಳು ಮಂಟಪಕ್ಕೆ ನಡೆದು ಬರುವುದಿಲ್ಲ. ಸೋದರಮಾವ ಎತ್ತಿಕೊಂಡು ಬರಬೇಕು. ಆ ಹುಡುಗಿಗೆ ಇದ್ದ ಸೋದರಮಾವ ಇವನೊಬ್ಬನೇ. "ನನ್ನನ್ನು ಎತ್ತಲು ನಿನ್ನಿಂದ ಆಗುತ್ತಾ ಮಾವ?" ಎಂದು ಅವಳು ಚಿಕ್ಕಂದಿನಿಂದ ರೇಗಿಸುತ್ತಿದ್ದಳು. "ಹೀಗೇ ಹೋಳಿಗೆ ತಿನ್ನುತ್ತಿರು, ಕ್ರೇನ್ ತರಿಸುತ್ತೇನೆ," ಎಂದು ಇವನು ಹೇಳುತ್ತಿದ್ದ. ಆ ಒಂದು ಗಳಿಗೆಗಾಗಿ ಇಬ್ಬರೂ ಕಾದಿದ್ದರು.

ಮದುವೆ ಬೆಟ್ಟದ ಮೇಲಿನ ಊರಿನಲ್ಲಿ. ಮುಹೂರ್ತ ಬೆಳಗಿನದು. ವರ್ತಕ ಹೆಂಡತಿಯೊಡನೆ ನಸುಕಿನಲ್ಲೇ ಹೊರಟ. ಏರುದಾರಿಯಲ್ಲಿ ಲಾರಿಗಳು ಸಾಲುಗಟ್ಟಿದ್ದವು. ಕಾರು ಸ್ವಲ್ಪ ಸಾಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಸಾಗುತ್ತಿತ್ತು. ಎಂಜಿನ್ ಆಗಾಗ ಮಲಗುತ್ತಿತ್ತು. ವರ್ತಕನ ಕಣ್ಣು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆ. ಮುಳ್ಳು ನಡುವೆಯೇ ಇತ್ತು. ಆದರೂ ಮತ್ತೆ ಮತ್ತೆ ನೋಡಿದ.

ಒಂದು ತಿರುವಿನಲ್ಲಿ ಎಚ್ಚರಿಕೆಯ ದೀಪ ಹತ್ತಿತು. ಕಾರಿನ ಶಕ್ತಿ ಕುಗ್ಗಿತು. ಕಾರು ನಿಂತಿತು.

ವರ್ತಕ ಇಳಿದು ಬಾನೆಟ್ ಎತ್ತಿದ. ಹೊಗೆಯಿಲ್ಲ, ಆವಿಯಿಲ್ಲ. ಎಂಜಿನ್ನಿನ ತೊಟ್ಟಿ ತುಂಬಿತ್ತು. ಅಷ್ಟರಲ್ಲಿ ಲಾರಿಗಳ ಸಾಲು ಸಡಿಲಾಯಿತು. ಹಿಂದಿನಿಂದ ಒಂದು ಬಸ್ಸು ಬಂತು.

"ಕೈ ಮಾಡ್ರೀ," ಎಂದಳು ಹೆಂಡತಿ.

"ತಡಿಯೇ. ಮುಳ್ಳು ನಡುವೆಯೇ ಇದೆ. ಎಂಜಿನ್ನಿಗೆ ಏನೂ ಆಗಿಲ್ಲ. ಈಗ ಹೊರಡುತ್ತದೆ."

ಬಸ್ಸು ಹೋಯಿತು. ಕಾರು ಹೊರಡಲಿಲ್ಲ.

ಫೋನ್ ಬಂತು. ಮದುಮಗಳೇ ಮಾತಾಡಿದಳು.

"ಮಾವ, ಎಲ್ಲಿದ್ದೀಯ? ಕ್ರೇನ್ ಹುಡುಕುತ್ತಿದ್ದೀಯೇನು?"

"ಬಂದೆ ಕಣಮ್ಮ. ಕಾರು ನಿಂತಿದೆ. ಎಂಜಿನ್ ಚೆನ್ನಾಗಿಯೇ ಇದೆ, ಯಾಕೆ ನಿಂತಿತೋ ಗೊತ್ತಾಗುತ್ತಿಲ್ಲ."

"ಪುರೋಹಿತರು ಅವಸರ ಮಾಡುತ್ತಿದ್ದಾರೆ. ನೀನು ಬರುವವರೆಗೆ ನಾನು ಏಳುವುದಿಲ್ಲ ಅಂದಿದ್ದೇನೆ." ಹಿಂದಿನಿಂದ ಯಾರೋ ಅವಳನ್ನು ಗದರಿದರು. ಅವಳು ದನಿ ತಗ್ಗಿಸಿದಳು. "ಬೇಗ ಬಾ ಮಾವ."

ಇಲ್ಲಿ ಶಿಷ್ಯ ತಡೆಯಲಾರದೆ ಬಾಯಿ ಹಾಕಿದ. "ಎಂಜಿನ್ ಚೆನ್ನಾಗಿತ್ತು ಎಂದಿರಿ. ಹಾಗಾದರೆ ಕೆಟ್ಟದ್ದು ಯಾವುದು?"

ಗುರುಗಳು ಮುಂದುವರಿಸಿದರು.

ಆ ಕಾರಿನಲ್ಲಿ ಕೂಲಂಟಿನ ತೊಟ್ಟಿಗಳು ಎರಡು. ಪಕ್ಕದಲ್ಲಿದ್ದ ಚಿಕ್ಕದನ್ನು ವರ್ತಕ ಕಂಡಿದ್ದ. ದೊಡ್ಡದಕ್ಕೇ ಸೇರಿದ್ದು ಎಂದು ಬಿಟ್ಟಿದ್ದ. ಅದು ಎಂಜಿನ್ನಿನದಲ್ಲ, ಇನ್ವರ್ಟರಿನದು. ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದುವಂತೆ ಮಾಡಿ ಕೊಡುವ ಲೋಹದ ಪೆಟ್ಟಿಗೆಯೇ ಇನ್ವರ್ಟರ್. ಎಂಜಿನ್ ಮಲಗಿದಾಗ ಕಾರು ಎಳೆಯುವ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಅದರ ಬಿಸಿಯನ್ನು ತೋರಿಸುವ ಮುಳ್ಳು ಆ ಕಾರಿನಲ್ಲಿ ಇರಲಿಲ್ಲ. ಅದರ ಕೂಲಂಟ್ ಕೆಟ್ಟು, ಗಷ್ಟು ಕಟ್ಟಿ, ಹರಿಯುವುದನ್ನೇ ನಿಲ್ಲಿಸಿತ್ತು.

ವರ್ತಕ ಅಲ್ಲಿ ಇಲ್ಲಿ ತಡಕಾಡುತ್ತಿದ್ದಾಗ ಅವನ ಕೈ ಆ ಪೆಟ್ಟಿಗೆಗೆ ತಗುಲಿತು. ಸುಟ್ಟಿತು. ಕೈಯನ್ನು ಎಳೆದುಕೊಂಡ. ಆಗ ಅವನಿಗೆ ತಿಳಿಯಿತು. ಅವನು ಎಣಿಸದೆ ಬಿಟ್ಟ ಅರ್ಧ ದಾರಿಯನ್ನು ಇದು ಓಡಿತ್ತು.

ಮುಂದಿನ ಬಸ್ಸಿಗೆ ಕಾಯುವಂತಿರಲಿಲ್ಲ. ಹಾಲಿನ ವ್ಯಾನೊಂದಕ್ಕೆ ಕೈ ಮಾಡಿದ. ಅದು ಒಂದೊಂದು ಡೈರಿಯ ಎದುರೂ ನಿಂತು ಹೋಗುತ್ತಿತ್ತು. ಪ್ರತಿ ಸಲ ನಿಂತಾಗಲೂ ವರ್ತಕ ಕೆಳಗಿಳಿಯುತ್ತಿದ್ದ, ಮೇಲೆ ಹತ್ತುತ್ತಿದ್ದ. "ನೀವು ಕುಣಿದರೆ ಹಾಲು ಬೇಗ ತುಂಬುವುದಿಲ್ಲ," ಎಂದಳು ಹೆಂಡತಿ.

ತಲುಪುವ ಹೊತ್ತಿಗೆ ಮುಹೂರ್ತ ಮೀರಿತ್ತು. ನೆರೆಮನೆಯವನೊಬ್ಬ ಮಾವನ ಜಾಗದಲ್ಲಿ ನಿಂತು ಹುಡುಗಿಯನ್ನು ಎತ್ತಿಕೊಂಡು ಬಂದಿದ್ದ. ತಾಳಿ ಕಟ್ಟಿಯಾಗಿತ್ತು. ಊಟಕ್ಕೆ ಎಲೆ ಹಾಕುತ್ತಿದ್ದರು. ಯಾರೂ ವರ್ತಕನನ್ನು ಬೈಯಲಿಲ್ಲ. ಹುಡುಗಿ ಬಂದು ಅವನ ಕಾಲು ಮುಟ್ಟಿದಳು. ಅವನು ಅವಳ ಮುಖ ನೋಡಿದ, ಒಂದು ರೇಗಿಸುವ ಮಾತಿಗಾಗಿ ಕಾದ.

"ಊಟ ಮಾಡು ಮಾವ," ಎಂದಳು ಅವಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ವಸ್ತ್ರದ ಅಂಚನ್ನು ಸುರುಳಿ ಸುತ್ತಿದ.

"ಪಾಪ," ಎಂದ. "ಎರಡನೆಯ ತೊಟ್ಟಿ ಯಾತಕ್ಕೆಂದು ಅವನಿಗೆ ತಿಳಿದಿರಲಿಲ್ಲ. ನನ್ನ ವಿಷಯ ಹಾಗಲ್ಲ ಗುರುಗಳೇ. ನಾನು ಅಣ್ಣನೊಡನೆ ಒಂದು ಮಾತೂ ಆಡಿಲ್ಲ. ಸಂತೆಯಲ್ಲಿ ಎದುರು ಸಿಕ್ಕಾಗಲೂ ಆಡಲಿಲ್ಲ."

ಗುರುಗಳು ಕೇಳಿದರು:

"ನಿನ್ನೆ ಒಬ್ಬನೇ ಕೂತಿದ್ದಾಗ ಮನಸ್ಸಿನೊಳಗೆ ಅವನಿಗೆ ಎಷ್ಟು ಬಾರಿ ಉತ್ತರ ಕೊಟ್ಟೆ?"