ತಂಗಿಯ ಉಪ್ಪು

ಕಡಲನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ ಸೋಸುವ ಪರದೆ, ಒಂದೇ ನೀರಾಗಿ ಬಂದ ಅಕ್ಕತಂಗಿಯರನ್ನು ಬೇರೆ ಮಾಡಿತು. ತಂಗಿ ಸಿಹಿನೀರಾಗಿ ಊರಿಗೆ ಹೋದಳು. ಅವಳ ಉಪ್ಪನ್ನೂ ಹೊತ್ತ ಅಕ್ಕ ಕಡಲಿಗೆ ಹೊರಟಳು.

ದಾರಿಯಲ್ಲಿ, ನೀರಿನ ರಭಸಕ್ಕೆ ತಿರುಗುವ ಚಕ್ರ ಅವಳನ್ನು ತಡೆಯಿತು. “ಹೊರಗೆ ಹೋಗುವವಳಿಗೆ ಇಷ್ಟು ರಭಸ ಯಾಕೆ? ಅದನ್ನು ನನಗೆ ಕೊಟ್ಟು ಹೋಗು. ಒಳಗೆ ಬರುವ ನೀರನ್ನು ತಳ್ಳಬೇಕು.”

ಅಕ್ಕ ಕೊಟ್ಟಳು. ಒಳಗೆ ಹೋದ ನೀರು ತಿರುಗಿ ನೋಡಲಿಲ್ಲ.

ಕಡಲಿಗೆ ತೆರೆಯುವ ಕೊಳವೆಯ ತುದಿಯಲ್ಲಿ ಏಡಿ ಅಡ್ಡ ನಿಂತಿತು. “ಯಾರಮ್ಮ ನೀನು?”

“ಇದೇ ಕಡಲವಳು.”

“ಇಷ್ಟು ಉಪ್ಪು ಹೊತ್ತು ಒಂದೇ ಕಡೆ ಇಳಿದರೆ ನನ್ನ ಮೊಟ್ಟೆಗಳು ಉಳಿಯುವುದಿಲ್ಲ. ಕೊಳವೆಯ ಸಣ್ಣ ತೂತುಗಳಿಂದ ದೂರದೂರಕ್ಕೆ ಹಂಚಿಹೋಗಿ ಬಾ.”

“ಹಂಚಿಹೋದರೆ ನಾನೆಲ್ಲಿರುತ್ತೇನೆ?”

“ಮನೆಯಲ್ಲಿ,” ಎಂದಿತು ಏಡಿ.

ಅಕ್ಕ ಹಾಗೆಯೇ ಇಳಿದಳು. ಸಂಜೆ ಏಡಿ ಅವಳನ್ನು ಮಾತಾಡಿಸಲು ಹೋಯಿತು. ಎಲ್ಲೆಡೆ ಬರೀ ಕಡಲಿತ್ತು.